ಸುಂಕ ವಾಪಸ್ ಕೇಳಿದವನ ಸುಖದುಃಖ

ಜರ್ಮನಿಯಿಂದ ಪೀಣ್ಯಕ್ಕೆ ನೀವು ಒಂದು ಮಷೀನು ತರಿಸಿದಿರಿ ಅಂದುಕೊಳ್ಳಿ. ಸುಂಕ ಕಟ್ಟಿ ಬಿಡಿಸಿಕೊಂಡಿರಿ. ಪೆಟ್ಟಿಗೆ ಬಿಚ್ಚಿದರೆ ಕೇಳಿದ ಮಾಡೆಲ್ಲೇ ಬೇರೆ, ಬಂದಿದ್ದೇ ಬೇರೆ. ಸ್ವಿಚ್ ಕೂಡ ಒತ್ತದೆ ವಾಪಸ್ ಕಳಿಸಲು ಹೊರಟಿರಿ. ಮಾಲು ದೇಶದಲ್ಲಿ ಉಳಿಯಲಿಲ್ಲ ಎಂದ ಮೇಲೆ ಸುಂಕವೂ ವಾಪಸ್ ಬರಬೇಕು, ಅಲ್ವಾ?

ಬರುತ್ತದೆ. 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಇರುವುದೇ ಅದಕ್ಕೆ. ಎರಡು ವರ್ಷದೊಳಗೆ ಕಳಿಸಿದರೆ ನೂರಕ್ಕೆ 98 ರೂಪಾಯಿ ನಿಮ್ಮದು. ಮಿಕ್ಕ ಎರಡು ರೂಪಾಯಿ, ನಿಮ್ಮ ದುಡ್ಡನ್ನು ಇಷ್ಟು ದಿನ ಜೋಪಾನ ಮಾಡಿದ ಕೂಲಿ ಇರಬೇಕು.

ಒಂದು ಸಣ್ಣ ಶರತ್ತಿದೆ. ಬಂದ ಮಷೀನೇ ಹೋಗುತ್ತಿದೆ ಎಂದು ರುಜುವಾತು ಮಾಡಬೇಕು. ಬರುವಾಗ ಹೆಚ್ಚಿನ ಪೆಟ್ಟಿಗೆಗಳನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಕಂಪ್ಯೂಟರೇ ಬಿಟ್ಟು ಕಳಿಸುತ್ತದೆ. ಹೋಗುವಾಗ ಮಾತ್ರ ಗುರುತಿನ ಪೆರೇಡು. ಮಷೀನಿನ ಬೆನ್ನಿಗೆ ಬಡಿದ ತಗಡಿನ ಮೇಲಿರುವುದು ಸೊನ್ನೆಯೋ ಇಂಗ್ಲಿಷಿನ 'ಓ'ನೋ ಎಂದು ಟಾರ್ಚ್ ಬಿಟ್ಟು ನೋಡಬೇಕು.

ಬಳಸಿದ್ದರೆ ತಿಂಗಳು ಎಣಿಸಿ ಕಡಿತ. ಕಡಿತವಾಗಿ ಉಳಿದದ್ದೂ ಕೆಲವಕ್ಕೆ ಸಿಗುವುದಿಲ್ಲ. 1965ರ ಅಧಿಸೂಚನೆಯೊಂದು ಆ ಪಟ್ಟಿ ಕೊಡುತ್ತದೆ: ತೊಡುವ ಬಟ್ಟೆ, ಟೀ ತುಂಬುವ ಪೆಟ್ಟಿಗೆ, ಸೆನ್ಸಾರಾದ ಸಿನಿಮಾ ರೀಲು, ಎಕ್ಸ್‌ರೇ ಫಿಲ್ಮು. ಇವನ್ನು ಒಮ್ಮೆ ಬಳಸಿದರೆ ಚಿಕ್ಕಾಸೂ ವಾಪಸ್ ಇಲ್ಲ. ಯಾರದೋ ಮುರಿದ ಕಾಲಿನ ಎಕ್ಸ್‌ರೇಯನ್ನು ಫಾರಿನ್ನಿಗೆ ರಫ್ತು ಮಾಡಿ ಸುಂಕ ಕೇಳಲು ಬಂದ ಆ ಮಹಾನುಭಾವ ಯಾರೋ ಕಾಣೆ. ಕಾನೂನಂತೂ ಅವನಿಗೆ ಹೆದರಿ ಬಾಗಿಲು ಹಾಕಿಕೊಂಡಿದೆ.

ಬಡ್ಡಿಯ ಲೆಕ್ಕ ಇನ್ನೂ ಸೊಗಸು. ಅರ್ಜಿ ಹಾಕಿ ತಿಂಗಳಾದರೂ ದುಡ್ಡು ಬರದಿದ್ದರೆ ನಿಮಗೆ ವರ್ಷಕ್ಕೆ ಶೇ. 6 ಬಡ್ಡಿ. ಕಸ್ಟಮ್ಸ್‌ನವರೇ ತಪ್ಪಿ ಜಾಸ್ತಿ ಕೊಟ್ಟು ಆಮೇಲೆ ವಾಪಸ್ ಕೇಳಿದರೆ ನೀವು ಕಟ್ಟಬೇಕಾದದ್ದು ಶೇ. 15. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಇಲ್ಲಿ ಕೊಟ್ಟರೂ ಇಸ್ಕೊಂಡರೂ ಕೋಡಂಗಿ ನೀವೇ. ಅದೂ ಆ ಒಂದು ತಿಂಗಳು ಶುರುವಾದರೆ ತಾನೇ? ಒಂದು ಕಾಗದ ಕಮ್ಮಿ ಇದೆ ಎಂದು ಡಿಫಿಷಿಯನ್ಸಿ ಮೆಮೊ ಬಂತೋ, ನೀವು ಅರ್ಜಿ ಹಾಕಿಯೇ ಇಲ್ಲ ಎಂದು ಅರ್ಥ. ಕೌಂಟರಿನಲ್ಲಿ ನಿಂತಿದ್ದು ಸುಮ್ನೆ ನಿಮ್ಮ ಭ್ರಮೆ.

ಎಲ್ಲ ದಾಟಿ ಲೆಕ್ಕ ಹಾಕಿದಾಗ 49 ರೂಪಾಯಿ ಬಂತು ಎನ್ನಿ. 76ನೇ ಸೆಕ್ಷನ್ ಎದ್ದು ನಿಲ್ಲುತ್ತದೆ: 50ಕ್ಕಿಂತ ಕಮ್ಮಿ ಇದ್ದರೆ ಕೊಡುವ ಹಾಗಿಲ್ಲ. ಮಾಲು ಬಿಡಿಸಿಕೊಳ್ಳುವ ದಿನ ನೀವು ಅದೇ 49 ರೂಪಾಯಿ ಕಮ್ಮಿ ಕಟ್ಟಿ ನೋಡಿ. ಗೋಡೌನಿನ ಬಾಡಿಗೆ ಮೀಟರ್ ಓಡುತ್ತಲೇ ಇರುತ್ತದೆ.