ಹದಿನೈದು ಸೆಕೆಂಡಿನ ಆಶೀರ್ವಾದ

ದೇವರ ಕರುಣೆಗೆ ಮಿತಿಯಿಲ್ಲವೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನಮಗೆ, ಅದಕ್ಕೂ ಒಂದು ಸಮಯಮಿತಿ ಇದೆಯೆಂಬುದನ್ನು ವ್ಯಾಟಿಕನ್ನಿನ ಧರ್ಮಸಿದ್ಧಾಂತ ಇಲಾಖೆಯವರು 2024ರ ಜನವರಿ 4ರಂದು ಪತ್ರಿಕಾ ಪ್ರಕಟಣೆ ಹೊರಡಿಸಿ ತಿಳಿಸಿಕೊಟ್ಟರು. ಸಲಿಂಗ ಜೋಡಿಯೊಂದು ಪಾದ್ರಿಗಳ ಬಳಿ ಬಂದು ಆಶೀರ್ವಾದ ಬೇಡಿದರೆ ಅದನ್ನು ಹತ್ತು ಅಥವಾ ಹದಿನೈದು ಸೆಕೆಂಡಿನಲ್ಲಿ ಮುಗಿಸಬೇಕಂತೆ. ನಮ್ಮ ಬಡಾವಣೆಯ ವೃತ್ತದಲ್ಲಿ ರಸ್ತೆ ದಾಟುವವರಿಗೆಂದು ಹಾಕಿರುವ ಹಸಿರು ದೀಪವೇ ಇಪ್ಪತ್ತು ಸೆಕೆಂಡು ಉರಿಯುತ್ತದೆ.

ಹಿಂದಿನ ಕಥೆ ಓದುಗರಿಗೆ ಗೊತ್ತೇ ಇದೆ. ದೇವರು ಪಾಪವನ್ನು ಆಶೀರ್ವದಿಸುವುದಿಲ್ಲ, ಆಶೀರ್ವದಿಸಲಾರ ಎಂದು ಇದೇ ಇಲಾಖೆ 2021ರ ಮಾರ್ಚ್‌ನಲ್ಲಿ ದೇವರ ಪರವಾಗಿ ಕಡ್ಡಿ ಮುರಿದಂತೆ ಹೇಳಿತ್ತು. ಮೂರು ವರ್ಷ ತುಂಬುವುದರೊಳಗೆ, 2023ರ ಡಿಸೆಂಬರ್ 18ರಂದು, ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯೊಂದಿಗೆ ಇಲಾಖೆಯ ಮುಖ್ಯಸ್ಥರಾದ ಕಾರ್ಡಿನಲ್ ಫೆರ್ನಾಂಡೆಸ್ ಅವರು 'ಫಿದೂಚಿಯಾ ಸುಪ್ಲಿಕಾನ್ಸ್' ಎಂಬ ಘೋಷಣೆ ಹೊರಡಿಸಿ, ಆಶೀರ್ವದಿಸಬಹುದು, ಆದರೆ ಆ ಆಶೀರ್ವಾದ ಜೋಡಿಗೆ ಸಲ್ಲುತ್ತದೆಯೇ ಹೊರತು ಅವರ ಸಂಬಂಧಕ್ಕಲ್ಲ ಎಂದರು. ಜಡೆಯನ್ನು ಹರಸುತ್ತೇವೆ, ಹೆಣಿಗೆಯನ್ನು ಹರಸುವುದಿಲ್ಲ ಎಂದ ಹಾಗಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಮ್ಮ ಗಾದೆಯನ್ನು ಇಷ್ಟು ವಿದ್ವತ್ಪೂರ್ಣವಾಗಿ, ಅಡಿಟಿಪ್ಪಣಿಗಳ ಸಮೇತ ವಿಸ್ತರಿಸಿದವರು ಇನ್ನೊಬ್ಬರಿಲ್ಲ.

ಷರತ್ತುಗಳನ್ನೂ ಗಮನಿಸಬೇಕು. ಮದುವೆಗೆ ತಕ್ಕ ಉಡುಪು ಇರಬಾರದು, ಮದುವೆಯ ಸನ್ನೆ ಇರಬಾರದು, ಮದುವೆಯ ಮಾತು ಬರಬಾರದು. ಸರಕಾರಿ ಕಚೇರಿಯಲ್ಲಿ ಸಂಬಂಧ ನೋಂದಾಯಿಸಿಕೊಂಡ ಸಮಾರಂಭಕ್ಕೂ ಇದಕ್ಕೂ ಗಂಟು ಬೀಳಬಾರದು. ಬಲಿಪೀಠದ ಮುಂದೆಯಾಗಲಿ, ದೇವಾಲಯದ ಪ್ರಮುಖ ಸ್ಥಳದಲ್ಲಾಗಲಿ ನಿಲ್ಲಿಸಬಾರದು. ಆಶೀರ್ವಾದಗಳ ಪುಸ್ತಕವನ್ನಂತೂ ತೆರೆಯಲೇಬಾರದು. ಅಂದರೆ ಯಾವುದೋ ಒಂದು ಮಂಗಳವಾರ, ಮಾಸಿದ ಅಂಗಿ ತೊಟ್ಟು, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ದೇವರ ಕೃಪೆಯನ್ನು ಕೈಸಾಲದಂತೆ ಇಸಿದುಕೊಂಡು ಹೊರಡಬೇಕು.

ಕರಾವಳಿಯಲ್ಲಿರುವ ನನ್ನ ಕ್ಯಾಥೊಲಿಕ್ ಗೆಳೆಯನೊಬ್ಬ ಕಳೆದ ವರ್ಷ ಹೊಸ ಸ್ಕೂಟರು ಕೊಂಡು ಚರ್ಚಿನ ಅಂಗಳಕ್ಕೆ ತಂದು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಫಾದರ್ ಪುಸ್ತಕ ಹಿಡಿದುಕೊಂಡೇ ಬಂದರು. ಪ್ರಾರ್ಥನೆ ಓದಿದರು, ಹೆಡ್‌ಲೈಟಿಗೆ, ಎರಡು ಚಕ್ರಗಳಿಗೆ, ಸೀಟಿಗೆ ಪವಿತ್ರ ಜಲ ಪ್ರೋಕ್ಷಿಸಿದರು. ಗೆಳೆಯನ ಹೆಂಡತಿ ಸೀಟು ಎತ್ತಿ ಹಿಡಿದು, "ಫಾದರ್, ಡಿಕ್ಕಿಗೂ ಸ್ವಲ್ಪ ಚಿಮುಕಿಸಿ, ಮಗುವಿನ ಬ್ಯಾಗು ಇಡುವುದು ಅಲ್ಲಿಯೇ" ಎಂದಾಗ ಅವರು ನಕ್ಕು, ಡಿಕ್ಕಿಗೂ ಹೆಲ್ಮೆಟ್ಟಿಗೂ ಎರಡೆರಡು ಬಾರಿ ಚಿಮುಕಿಸಿದರು. ನಾಲ್ಕು ನಿಮಿಷಕ್ಕೆ ಕಡಿಮೆಯಿಲ್ಲದ ಕಾರ್ಯಕ್ರಮ ಅದು. ಆ ಸ್ಕೂಟರು ಮುಂದಿನ ಮೂರು ತಿಂಗಳಲ್ಲಿ ಏಕಮುಖ ಸಂಚಾರದ ರಸ್ತೆಯಲ್ಲಿ ಎದುರಿನಿಂದ ನುಗ್ಗಿ ಎರಡು ಸಲ ದಂಡ ಕಟ್ಟಿದೆ. ಆದರೂ ಅದರ ಆಶೀರ್ವಾದವನ್ನು ಯಾರೂ ಹಿಂದಕ್ಕೆ ಪಡೆದಿಲ್ಲ.

ಸ್ಕೂಟರಿನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಧರ್ಮಸಭೆ ಆಶೀರ್ವಾದದ ವಿಷಯದಲ್ಲಿ ಎಂದೂ ಜಿಪುಣತನ ತೋರಿದ್ದಲ್ಲ. ಹಳೆಯ ರೋಮನ್ ವಿಧಿಗ್ರಂಥವನ್ನು ತೆರೆದರೆ ಬಿಯರಿಗೆ ಒಂದು ಪ್ರಾರ್ಥನೆಯಿದೆ, ಭೂಕಂಪ ಅಳೆಯುವ ಯಂತ್ರಕ್ಕೆ ಒಂದಿದೆ, ಟೆಲಿಗ್ರಾಫಿಗೂ ಲ್ಯಾಟಿನ್ ಭಾಷೆಯಲ್ಲಿ ಸಾಂಗವಾದ ವಿಧಿಯೊಂದಿದೆ. ಜನವರಿ 17ರಂದು, ಸನ್ಯಾಸಿ ಸಂತ ಅಂತೋಣಿಯ ಹಬ್ಬಕ್ಕೆ, ಸಂತ ಪೇತ್ರರ ಚೌಕದ ಬಳಿಗೆ ದನ, ಕುದುರೆ, ಕೋಳಿಗಳನ್ನು ತಂದು ಹರಸುವ ಪದ್ಧತಿಯಿದೆ. ಅಲ್ಲಿಗೆ ಬರುವ ಹುಂಜಗಳ ಸಂಸಾರ ಕ್ರಮಬದ್ಧವಾಗಿದೆಯೇ ಎಂದು ಯಾವ ಕಾರ್ಡಿನಲ್ಲೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಅಷ್ಟೆಲ್ಲ ಆಶೀರ್ವಾದ ಪಡೆದ ಟೆಲಿಗ್ರಾಫ್ ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ಕಣ್ಣು ಮುಚ್ಚಿತು. ಅದೇ ತಿಂಗಳ ಕೊನೆಗೆ ಪೋಪ್ ಫ್ರಾನ್ಸಿಸ್ ಅವರು ಬ್ರೆಜಿಲ್‌ನಿಂದ ಮರಳುವ ವಿಮಾನದಲ್ಲಿ ಸಲಿಂಗಿಗಳ ಕುರಿತು "ತೀರ್ಪು ಕೊಡಲು ನಾನು ಯಾರು?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಯಾರಾದರೂ ತಂತಿಯ ಮೂಲಕ ಪೋಪರದೇ ಇಲಾಖೆಗೆ ಕಳಿಸೋಣವೆಂದರೆ, ನಮ್ಮಲ್ಲಿ ತಂತಿ ಕಚೇರಿ ಆಗಷ್ಟೇ ಬಾಗಿಲು ಹಾಕಿತ್ತು.

ಈ ಹದಿನೈದು ಸೆಕೆಂಡೂ ಹೆಚ್ಚಾಯಿತೆನ್ನುವವರಿದ್ದಾರೆ. ಪ್ರಕಟಣೆ ಬಂದ ಒಂದು ವಾರಕ್ಕೆ, ಕಾಂಗೋದ ರಾಜಧಾನಿ ಕಿನ್ಶಾಸಾದ ಕಾರ್ಡಿನಲ್ ಅಂಬೊಂಗೊ ಅವರು ಆಫ್ರಿಕದ ಬಿಷಪ್ಪರ ಪರವಾಗಿ, ತಮ್ಮ ಚರ್ಚುಗಳಲ್ಲಿ ಸಲಿಂಗ ಜೋಡಿಗಳಿಗೆ ಆಶೀರ್ವಾದವಿಲ್ಲವೆಂದು ಹೇಳಿಕೆ ಕೊಟ್ಟರು. ಉಗಾಂಡದ ಆಂಗ್ಲಿಕನ್ ಸಭೆ ಇನ್ನೂ ಮುಂದೆ ಹೋಗಿತ್ತು. ಕೆಲವು ಸಂದರ್ಭಗಳಲ್ಲಿ ಸಲಿಂಗಿಗಳಿಗೆ ಮರಣದಂಡನೆ ವಿಧಿಸುವ ಕಾನೂನಿಗೆ ಅಲ್ಲಿನ ಅಧ್ಯಕ್ಷರು 2023ರ ಮೇ ತಿಂಗಳಲ್ಲಿ ಸಹಿ ಹಾಕಿದಾಗ, ಆರ್ಚ್‌ಬಿಷಪ್ ಕಝಿಂಬಾ ಅವರು ಕೃತಜ್ಞತೆ ಸಲ್ಲಿಸಿ, ಮರಣದಂಡನೆಗೆ ಮಾತ್ರ ತಮ್ಮ ಸಮ್ಮತಿಯಿಲ್ಲ, ಅದರ ಬದಲು ಜೀವಾವಧಿ ಸೆರೆವಾಸವಿರಲಿ ಎಂದರು. ಎಂಥ ಕರುಣಾಳು! ಶಿಲುಬೆಗೇರಿದವನ ಹೆಸರಿನಲ್ಲಿ ಪೀಠ ಹತ್ತಿದವರು, ಗಲ್ಲು ಬೇಡ, ಸಾಯುವವರೆಗೆ ಕೊಳೆಸಿದರೆ ಸಾಕು ಎಂದದ್ದನ್ನು ನಾವು ಸೌಮ್ಯ ನಿಲುವೆಂದು ಓದಬೇಕಾಗಿದೆ. ಇದರ ಮೇಲೆ ತಮಾಷೆ ಬರೆಯಲು ನನಗೆ ಬರುವುದಿಲ್ಲ, ಬರೆಯುವ ಮನಸ್ಸೂ ಇಲ್ಲ. ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಅನ್ನ ಬೇಯಿಸಿಕೊಂಡು ಉಂಡರೆ ಯಾರ ಮನೆಯ ಗಂಟು ಹೋಗುತ್ತದೆ? ಎಷ್ಟು ಸಲ ಕೇಳಿದರೂ ಇದಕ್ಕೆ ಉತ್ತರವಾಗಿ ಒಂದು ಶ್ಲೋಕವೋ ವಚನವೋ ಬರುತ್ತದೆ, ಕಾರಣ ಬರುವುದಿಲ್ಲ.

ನಮ್ಮವರೇನೂ ಹಿಂದೆ ಬಿದ್ದವರಲ್ಲ. ದೆಹಲಿ ಹೈಕೋರ್ಟು 2009ರಲ್ಲಿ ಸಲಿಂಗಿಗಳ ಪರವಾಗಿ ಕೊಟ್ಟ ತೀರ್ಪನ್ನು ಕೆಡವಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಉತ್ಕಲ ಕ್ರೈಸ್ತ ಮಂಡಳಿಯಿತ್ತು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯಿತ್ತು, ಎಲ್ಲರಿಗಿಂತ ಮುಂದೆ ದೆಹಲಿಯ ಜ್ಯೋತಿಷಿಯೊಬ್ಬರಿದ್ದರು. ಸರ್ವಧರ್ಮ ಸಮನ್ವಯವನ್ನು ನಾವು ಸಾಧಿಸಿದ್ದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 1860ರ ದಂಡಸಂಹಿತೆಯ 377ನೇ ಕಲಮಿನ ರಕ್ಷಣೆಗಾಗಿ.

ವ್ಯಾಟಿಕನ್ನಿನ ಪ್ರಕಟಣೆಯಲ್ಲಿ ಪಾದ್ರಿಗಳ ಅನುಕೂಲಕ್ಕೆಂದು ಮಾದರಿ ಪ್ರಾರ್ಥನೆಯೊಂದನ್ನೂ ಕೊಟ್ಟಿದ್ದಾರೆ. ಪ್ರಭುವೇ, ನಿನ್ನ ಈ ಮಕ್ಕಳನ್ನು ನೋಡು, ಇವರಿಗೆ ಆರೋಗ್ಯ, ಕೆಲಸ, ಶಾಂತಿ ಮತ್ತು ಪರಸ್ಪರ ನೆರವನ್ನು ದಯಪಾಲಿಸು. ನಿನ್ನ ಶುಭಸಂದೇಶಕ್ಕೆ ವಿರುದ್ಧವಾದ ಎಲ್ಲದರಿಂದ ಇವರನ್ನು ಬಿಡಿಸು, ನಿನ್ನ ಚಿತ್ತದಂತೆ ಬಾಳುವಂತೆ ಮಾಡು, ಆಮೆನ್. ಮೊದಲರ್ಧದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಲೆಂದು ಹರಸಿ, ಉಳಿದರ್ಧದಲ್ಲಿ ಒಬ್ಬರಿಂದೊಬ್ಬರನ್ನು ಬಿಡಿಸಿಕೊಡೆಂದು ಬೇಡುವ ಈ ಪ್ರಾರ್ಥನೆಯನ್ನು ನಾನು ಗೋಡೆಯ ಗಡಿಯಾರ ನೋಡುತ್ತ ಕನ್ನಡದಲ್ಲಿ ಓದಿದೆ. ಹದಿಮೂರು ಸೆಕೆಂಡು ಹಿಡಿಯಿತು. ಉಳಿದ ಎರಡು ಸೆಕೆಂಡಿನಲ್ಲಿ ಅವರಿಬ್ಬರೂ ಏನು ಬೇಕಾದರೂ ಮಾಡಬಹುದು, ಕೈ ಹಿಡಿಯುವುದೊಂದನ್ನು ಬಿಟ್ಟು. ಅದು ಮದುವೆಗೆ ಸೇರಿದ ಸನ್ನೆ.