ಬೆಕ್ಕಿಗೆ ಚೆಲ್ಲಾಟ, ನನಗೆ ಗೋಂದುಸಂಕಟ

ಆ ವಿಡಿಯೋ ನಿಮಗೂ ಬಂದಿರುತ್ತದೆ. ‘ಮನೆಯಲ್ಲಿರುವ ವಸ್ತುಗಳಿಂದಲೇ 5 ನಿಮಿಷದಲ್ಲಿ ಬೆಕ್ಕಿಗೊಂದು ಸರಳ ಆಟಿಕೆ.’ ಮೊದಲು ಎರಡು ಕೈ ಕಾಣುತ್ತವೆ. ಮುಖವಿಲ್ಲ, ಬರೀ ಕೈ. ಉಗುರಿನ ಬಣ್ಣ ಮೇಜಿನ ಬಟ್ಟೆಗೆ ಹೊಂದಿಕೊಂಡಿರುತ್ತದೆ. ಆಮೇಲೆ ಆ ಕೈಗಳು ‘ಮನೆಯಲ್ಲಿರುವ ವಸ್ತುಗಳನ್ನು’ ಒಂದೊಂದಾಗಿ ತಂದಿಡುತ್ತವೆ. ಬಿಸಿ ಅಂಟಿನ ಗನ್ನು. ನಾಲ್ಕು ಅಳತೆಯ ಬಿಟ್ಟುಗಳಿರುವ ಡ್ರಿಲ್ಲು. ಅಂಚು ಉಜ್ಜಿ ನುಣುಪು ಮಾಡಿದ ಪ್ಲೈವುಡ್ಡು. 12 ಮೀಟರ್ ಸೆಣಬಿನ ಹಗ್ಗ. ಕೃತಕ ತುಪ್ಪಳ, ಬಣ್ಣ ತಿಳಿ ಬೂದು, ಬೇರೆ ಬಣ್ಣ ಆಗದು. ಇದೆಲ್ಲ ಮನೆಯಲ್ಲೇ ಬಿದ್ದಿರುವ ಪುಣ್ಯಾತ್ಮರು ಬೆಕ್ಕನ್ನಲ್ಲ, ಬಡಗಿಯನ್ನು ಸಾಕಿರಬೇಕು.

ನಾನೂ ಮಾಡಿದೆ. ಸುಮ್ಮನಿರಲಾರದೆ ಮಾಡಿದೆ. 5 ನಿಮಿಷದ ಆಟಿಕೆ ಎರಡು ಭಾನುವಾರ ನುಂಗಿತು. ಮೊದಲ ಭಾನುವಾರ ಬಿಸಿ ಅಂಟು ಹೆಬ್ಬೆರಳ ಮೇಲೆ ಬಿದ್ದು, ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದೆ. ಏನೂ ಸುಡದ ಅಸಲಿ ಬೆಕ್ಕು ಗುಂಡ ಕಪಾಟಿನ ನೆತ್ತಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಎರಡನೆಯ ಭಾನುವಾರ ಸಂಜೆಗೆ ವಸ್ತು ಸಿದ್ಧವಾಯಿತು: ಹಲಗೆ, ಹಲಗೆಯಲ್ಲಿ ಹನ್ನೊಂದು ತೂತು, ತೂತುಗಳ ಮೇಲೆ ಜಾರುವ ಮುಚ್ಚಳ, ಮುಚ್ಚಳದಡಿ ತಿಂಡಿ. ಬೆಕ್ಕಿನ ಬುದ್ಧಿ ಚುರುಕಾಗಬೇಕಂತೆ. ನನ್ನ ಬುದ್ಧಿಯ ಬಗ್ಗೆ ವಿಡಿಯೋದಲ್ಲಿ ಏನೂ ಹೇಳಿರಲಿಲ್ಲ.

ಗುಂಡ ಇಳಿದು ಬಂದ. ಮೂಸಿದ. ಒಂದು ಮುಚ್ಚಳವನ್ನು ಪಂಜದಿಂದ ಒಮ್ಮೆ ತಟ್ಟಿದ.

“ನೋಡೇ, ಆಡ್ತಿದಾನೆ!” ಎಂದೆ.

“ಅಪ್ಪಾ, ಅವನು ಆಡ್ತಿಲ್ಲ, ಸಹಿಸ್ಕೊಳ್ತಿದಾನೆ ಅಷ್ಟೆ” ಎಂದಳು ಮಗಳು.

ಮುಂದೇನಾಯಿತೆಂದು ಬೆಕ್ಕು ಸಾಕಿದವರಿಗೆ ಹೇಳಬೇಕಿಲ್ಲ. ಎಲ್ಲ ಮನೆಗಳಲ್ಲೂ ಒಂದೇ ಕ್ಲೈಮ್ಯಾಕ್ಸು, ಅದರಲ್ಲಿ ನಾಯಕನ ಪಾತ್ರ, ಆಟಿಕೆ ಬಿಟ್ಟು ಬೆಕ್ಕು ಹೋಗಿ ಕೂರುವ ರಟ್ಟಿನ ಡಬ್ಬದ್ದು.

ಡಬ್ಬದ ವಿಷಯ ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಇದನ್ನು ವಿಜ್ಞಾನಿಗಳೂ ಬಿಟ್ಟಿಲ್ಲ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್‌ನ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕವು ಬೇಗ ನಿರಾಳವಾದವು. 2021ರಲ್ಲಿ ಇನ್ನೊಂದು ತಂಡ ಇನ್ನೂ ಮುಂದೆ ಹೋಯಿತು. ಬೆಕ್ಕಿನ ಯಜಮಾನರ ಕೈಯಿಂದಲೇ ಅವರ ಮನೆಯ ನೆಲಕ್ಕೆ ಕಾಗದದ ಆಕಾರಗಳನ್ನು ಅಂಟಿಸಿತು. ಒಂದು ನಿಜವಾದ ಚೌಕ. ಇನ್ನೊಂದು ಮೂಲೆಗಳಷ್ಟೇ ಇದ್ದು, ನಡುವೆ ಚೌಕವಿದೆಯೆಂದು ಕಣ್ಣಿಗೆ ಭ್ರಮೆ ಹುಟ್ಟಿಸುವಂಥದ್ದು. ಕೊನೆಯ ತನಕ ಉಳಿದದ್ದು 30 ಬೆಕ್ಕು. ಯಾವುದೋ ಒಂದು ಆಕಾರದೊಳಗೆ ಹೋಗಿ ಕೂತದ್ದು 9. ಅವು ಇರುವ ಚೌಕದಲ್ಲಿ ಕೂತಷ್ಟೇ ಉತ್ಸಾಹದಿಂದ ಇಲ್ಲದ ಚೌಕದಲ್ಲೂ ಕೂತವು. ಉಳಿದ 21 ಏನು ಮಾಡಿದವೆಂದು ನಾನು ಊಹಿಸಬಲ್ಲೆ: ಯಜಮಾನನ ಮುಖ ನೋಡಿ ಎದ್ದು ಹೋಗಿರುತ್ತವೆ. ಹಗ್ಗದಲ್ಲಿ ಹಾವು ಕಂಡ ಹಳೆಯ ಉದಾಹರಣೆ ಸವೆದುಹೋಗಿದ್ದರೆ ವೇದಾಂತಿಗಳು ಇದನ್ನು ಬಳಸಿಕೊಳ್ಳಬಹುದು. ಇಲ್ಲದ ಡಬ್ಬದೊಳಗೂ ನೆಮ್ಮದಿಯಾಗಿ ಕೂರುವ ಪ್ರಾಣಿಗೆ ನಾವು ಡ್ರಿಲ್ಲು ಹಿಡಿದು ಹೊರಟಿದ್ದೇವೆ.

ಹಾಗೆಂದು ಈ ಹುಚ್ಚು ವಿಡಿಯೋಗಳ ಕಾಲದ್ದೇನಲ್ಲ. 1995ರ ಆಗಸ್ಟ್ 22ರಂದು ಅಮೆರಿಕ ಸರ್ಕಾರ 5443036ನೇ ಸಂಖ್ಯೆಯ ಪೇಟೆಂಟನ್ನು ಇಬ್ಬರು ಮಹನೀಯರಿಗೆ ದಯಪಾಲಿಸಿತು. ಹೆಸರು, ‘ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನ’. ಆವಿಷ್ಕಾರ ಇಷ್ಟೆ: ಲೇಸರ್ ಬೆಳಕಿನ ಚುಕ್ಕೆಯನ್ನು ನೆಲದ ಮೇಲೆ ಬಿಡುವುದು, ಅತ್ತಿತ್ತ ಆಡಿಸುವುದು, ಬೆಕ್ಕು ಅಟ್ಟಿಸಿಕೊಂಡು ಹೋಗುವುದು. ಒಬ್ಬ ಅಧಿಕಾರಿ ಇದನ್ನು ಓದಿದ, ತೂಗಿ ನೋಡಿದ, ಹೌದು, ಇದು ಮನುಕುಲಕ್ಕೆ ಹೊಸತು ಎಂದು ಒಪ್ಪಿದ. ಆ ಸಹಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಅವಧಿ ಮುಗಿದು ಎಷ್ಟೋ ವರ್ಷವಾಯಿತು. ಈಗ ನೀವು ರಾತ್ರಿ ಟಾರ್ಚ್ ಹಿಡಿದು ಚಪ್ಪಲಿ ಹುಡುಕುವಾಗ ಬೆಕ್ಕು ಹಿಂದೆ ಬಂದರೆ ವಕೀಲರ ನೋಟಿಸು ಬರುವುದಿಲ್ಲ. ಕಾಗದ ಮುದ್ದೆ ಮಾಡಿ ಎಸೆಯುವ ವಿಧಾನಕ್ಕೂ ಅವರು ಅರ್ಜಿ ಹಾಕಿಬಿಟ್ಟಿದ್ದರೆ ನಮ್ಮ ಗತಿ?

ಆ ಚುಕ್ಕೆಯ ಆಟದಲ್ಲಿ ಇನ್ನೊಂದು ಮೋಸವಿದೆ. ಬೆಕ್ಕು ಹೊಂಚುತ್ತದೆ, ಓಡುತ್ತದೆ, ಹಾರುತ್ತದೆ, ಪಂಜ ಇಡುತ್ತದೆ, ಪಂಜದಡಿ ಏನೂ ಇರುವುದಿಲ್ಲ. ಪಂಜದ ಮೇಲೆ ಇರುತ್ತದೆ. ಸೋಫಾದ ಮೇಲೆ ಕೂತು ನಾವು ನಗುತ್ತಿರುತ್ತೇವೆ. ತಿಳಿದವರು, ಚುಕ್ಕೆಯನ್ನು ಕೊನೆಗೆ ಒಂದು ಗೊಂಬೆಯ ಮೇಲೋ ತಿಂಡಿಯ ಮೇಲೋ ನಿಲ್ಲಿಸಿ, ಪಾಪದ್ದಕ್ಕೆ ಏನಾದರೂ ಹಿಡಿದ ತೃಪ್ತಿ ಕೊಡಿ, ಕಣ್ಣಿಗಂತೂ ಬಿಡಲೇಬೇಡಿ ಎನ್ನುತ್ತಾರೆ. ಇದನ್ನು ಹೇಳುವ ಹೊತ್ತಿಗೆ ವಿಡಿಯೋ ಮುಗಿದಿರುತ್ತದೆ.

ಆಟಿಕೆಯ ಬಣ್ಣದ ಬಗ್ಗೆಯೂ ಒಂದು ಮಾತು. ಆ ಕೈಗಳು ಹೊಲಿದ ಇಲಿ ಕಡುಗೆಂಪು. ಬೆಕ್ಕಿಗೆ ನೀಲಿ ಹಳದಿ ಗೊತ್ತಾಗುತ್ತದೆ, ಕೆಂಪು ಮಂಕು. ಮೂತಿಯ ಮುಂದೆ ಒಂದು ಗೇಣಿನೊಳಗೆ ಇರುವುದಂತೂ ಸರಿಯಾಗಿ ಕಾಣುವುದೇ ಇಲ್ಲ, ಮೀಸೆಯಿಂದ ತಡವಿ ತಿಳಿಯಬೇಕು. ಅಲ್ಲಿಗೆ ಕೆಂಪು ಯಾರಿಗೆ? ಇಲಿಯ ಕಣ್ಣಿಗೆ ಹೊಲಿದ ಆ ಎರಡು ಮಿರುಗುವ ಮಣಿ ಯಾರಿಗೆ? ಅವು ಕಿತ್ತು ಬಂದರೆ ಮಾತ್ರ ಬೆಕ್ಕಿಗೆ. ಸೀದಾ ಗಂಟಲಿಗೆ.

ಮೊನ್ನೆಯ ವಿಡಿಯೋ ನೋಡಿದಿರಲ್ಲ? ಅಂಗೈ ಅಗಲದ ಮರಿ, ಅದರ ಮೈಗೆಲ್ಲ ಸುತ್ತಿಕೊಂಡ ಉಣ್ಣೆಯ ದಾರ, ಹಿಂದೆ ಮುದ್ದಾದ ಸಂಗೀತ. ಕ್ಯಾಲೆಂಡರಿನಿಂದ ಹಿಡಿದು ಶುಭಾಶಯ ಪತ್ರದವರೆಗೆ ಎಲ್ಲ ಕಡೆ ಇದೇ ಚಿತ್ರ: ಬೆಕ್ಕು ಮತ್ತು ದಾರದ ಉಂಡೆ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಾ? ಅದರ ಮುಳ್ಳುಗಳೆಲ್ಲ ಒಳಮುಖ. ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ಹಾಗಾಗಿ ನುಂಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಕರುಳಿಗೆ ಇಳಿಯುತ್ತದೆ. ಲಾಡಿ ಎಳೆದರೆ ಪೈಜಾಮದ ನಡು ಸುಕ್ಕುಗಟ್ಟುತ್ತದಲ್ಲ, ಕರುಳು ಆ ದಾರದ ಮೇಲೆ ಹಾಗೆ ಸುಕ್ಕುಗಟ್ಟುತ್ತದೆ. ಕೊನೆಗೆ ದಾರವೇ ಕರುಳನ್ನು ಕೊಯ್ಯುತ್ತದೆ. ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ, ತಡವಾದರೆ ಅದೂ ಇಲ್ಲ. ಬಾಯಲ್ಲೋ ಹಿಂಬದಿಯಲ್ಲೋ ದಾರ ಇಣುಕಿದರೆ ಎಳೆಯಬೇಡಿ, ಎತ್ತಿಕೊಂಡು ವೈದ್ಯರ ಬಳಿಗೆ ಓಡಿ. ರಿಬ್ಬನ್ನು, ಜಡೆಯ ರಬ್ಬರು, ಮಿಂಚುಪಟ್ಟಿ ಎಲ್ಲಕ್ಕೂ ಇದೇ ಮಾತು. ಎಷ್ಟು ವರ್ಷದಿಂದ ಪಶುವೈದ್ಯರು ಇದನ್ನು ಹೇಳುತ್ತಿದ್ದಾರೆ. “ಏನಾಗಲ್ಲ ಬಿಡ್ರೀ, ನಮ್ಮ ಬೆಕ್ಕು ದಿನಾ ಆಡತ್ತೆ” ಎನ್ನುತ್ತಾರೆ ಪಕ್ಕದ ಮನೆಯವರು, ವಿಡಿಯೋ ಇನ್ನೂ ನಾಲ್ಕು ಜನಕ್ಕೆ ಕಳಿಸುತ್ತ. ನನಗೆ ಇದರಲ್ಲಿ ತಮಾಷೆ ಮಾಡಲು ಏನೂ ಸಿಗುತ್ತಿಲ್ಲ. ಸಾಕಾಗಿದೆ.

ಇನ್ನು, ಕೈಯಿಂದ ಏನನ್ನೂ ಮಾಡಲಾಗದವರಿಗೆ ಸ್ವಯಂಚಾಲಿತ ಇಲಿ ಇದೆ. ನೀವು ಕೆಲಸಕ್ಕೆ ಹೋದಾಗ ತಾನಾಗಿ ಓಡಾಡಿ ಬೆಕ್ಕನ್ನು ರಂಜಿಸುತ್ತದೆ. ಅದಕ್ಕೊಂದು ಆ್ಯಪ್ಪು, ಆ್ಯಪ್ಪಿಗೊಂದು ಪಾಸ್‌ವರ್ಡು. ಸ್ನೇಹಿತನ ಮನೆಯಲ್ಲಿ ಕಣ್ಣಾರೆ ಕಂಡೆ: ಬೆಕ್ಕು ಹೊಂಚು ಹಾಕಿ ಕೂತಿದೆ, ಇಲಿ ಅಪ್‌ಡೇಟ್ ಆಗುತ್ತಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದ ಹಿರಿಯರು ಇಲಿಯನ್ನು ಚಾರ್ಜಿಗೆ ಹಾಕುವ ಕಾಲವನ್ನು ಕಂಡಿರಲಿಲ್ಲ.

ನನ್ನ ಹಲಗೆಯ ಕಥೆ ಮುಗಿದಿಲ್ಲ. ಅದನ್ನು ಮಾಡಿ ಮುಗಿಸಿದ ಮೇಲೆ ಓದಿದ್ದು: 2021ರಲ್ಲಿ ಇಂಗ್ಲೆಂಡಿನಲ್ಲಿ, ಬೇಟೆಯಾಡಿ ತರುವ ಬೆಕ್ಕುಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಕೆಲವರು ದಿನಕ್ಕೆ 5ರಿಂದ 10 ನಿಮಿಷ ಕೋಲಿನ ತುದಿಯ ಗರಿ ಆಡಿಸಿ ಬೆಕ್ಕಿನ ಜೊತೆ ಆಡಿದರು. ಅವರ ಬೆಕ್ಕುಗಳು ಮನೆಗೆ ಹೊತ್ತು ತರುವ ಬೇಟೆ ಶೇ 25ರಷ್ಟು ಇಳಿಯಿತು. ಇನ್ನು ಕೆಲವರು ನನ್ನಂತೆ, ಕಷ್ಟಪಟ್ಟು ತಿಂಡಿ ತೆಗೆಯಬೇಕಾದ ಜಾಣ ಆಟಿಕೆ ಕೊಟ್ಟರು. ಅವರ ಮನೆಯಲ್ಲಿ ಶೇ 33ರಷ್ಟು ಏರಿತು. ಓದಿ ಗುಂಡನ ಕಡೆ ನೋಡಿದೆ. ಅವನು ನನ್ನ ಹೆಬ್ಬೆರಳ ಕಡೆ ನೋಡುತ್ತಿದ್ದ.

ಹಲಗೆ ಈಗ ಹೂಕುಂಡದಡಿ ಇದೆ. ತೂತುಗಳಿಂದ ನೀರು ಚೆನ್ನಾಗಿ ಬಸಿಯುತ್ತದೆ.

ಜೋಡಿ ಕಳೆದುಕೊಂಡ ಕಾಲ್ಚೀಲವೊಂದಕ್ಕೆ ಹಳೇ ಬಟ್ಟೆ ತುರುಕಿ ಮಗಳು ಬಾಯಿಗೆ ಗಂಟು ಹಾಕಿದಳು. ಒಂದು ನಿಮಿಷವೂ ಆಗಲಿಲ್ಲ, ಯಾರೂ ಚಿತ್ರೀಕರಿಸಲಿಲ್ಲ. ಗುಂಡ ಅದನ್ನು ತಬ್ಬಿ ಉರುಳಿ, ಹಿಂಗಾಲಿನಿಂದ ಒದ್ದು, ಕಚ್ಚಿಕೊಂಡು ಮಂಚದಡಿಗೆ ಎಳೆದುಕೊಂಡು ಹೋಗಿ, ಮತ್ತೆ ತಂದು ನನ್ನ ಕಾಲ ಬಳಿ ಹಾಕಿದ.

“ನಿಂದು ಸರದಿ ಅಪ್ಪಾ. 10 ನಿಮಿಷ, ಗಡಿಯಾರ ನೋಡ್ಕೋ” ಎಂದು ಮಗಳು ಓದಲು ಹೋದಳು.

ಕೂತೆ. ಎಳೆದೆ, ಬಿಟ್ಟೆ, ಕುರ್ಚಿಯ ಕಾಲಿನ ಹಿಂದೆ ಮರೆಮಾಡಿದೆ. ಚೆನ್ನಾಗಿಯೇ ಇತ್ತು. ನಾಲ್ಕನೆಯ ನಿಮಿಷಕ್ಕೆ ಫೋನು ಟಿಣ್ ಎಂದಿತು. ಅದೇ ಕೈಗಳು, ಹೊಸ ಉಗುರುಬಣ್ಣ. ಭಾಗ ಎರಡು ಬಂದಿತ್ತು. ನೋಡಿ ತಲೆಯೆತ್ತುವಷ್ಟರಲ್ಲಿ ಕಾಲ್ಚೀಲದ ಆ ತುದಿಯಲ್ಲಿ ಯಾರೂ ಇರಲಿಲ್ಲ.