ಸತ್ಯಾಂಶ: ಕೋವಿಯ ಲೈಸೆನ್ಸ್ ಬಸ್ ಪಾಸ್ ಅಲ್ಲ

‘ಲೈಸೆನ್ಸ್ ಇದ್ದರೆ ಕೋವಿ ಹೆಗಲಿಗೇರಿಸಿ ಯಾವ ಬಸ್ಸಾದರೂ ಹತ್ತಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಬೆಳೆ ಕಾಯಲು ಕೋವಿ ಇಟ್ಟುಕೊಂಡವರು ನಂಬಿಕೆಯಿಂದಲೇ ಹಂಚುತ್ತಾರೆ. ಆದರೆ ಅದು ತಪ್ಪು.

2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದಂತೆ, ಸಾರ್ವಜನಿಕ ಸ್ಥಳದಲ್ಲಿ ಕೋವಿ ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲೂ ಇರಬೇಕು. ಟವೆಲ್ ಸುತ್ತಿದರೆ ನಳಿಗೆಯ ತುದಿ ಇಣುಕುತ್ತದೆ, ಸಾಲದು. ಬಸ್ಸಿನ ಟಾಪ್ ಮೇಲೆ ಹಾಕಿದರೆ ಹಿಡಿತವೇ ತಪ್ಪಿತು. ಹೊರಡುವ ಮೊದಲು ತೋಟಾ ತೆಗೆದು, ನಳಿಗೆ ಖಾಲಿಯೇ ಎಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಇಡಿ. ಮೂಲ ಲೈಸೆನ್ಸ್ ಜೊತೆಗಿರಲಿ. ಪೊಲೀಸರು ಕೇಳಿದರೆ ತೋರಿಸಲೇಬೇಕು.

ಹಲವರು ಎಡವುವುದು ಲೈಸೆನ್ಸಿನ ವ್ಯಾಪ್ತಿಯಲ್ಲಿ, ಅಂದರೆ ಅದು ಎಲ್ಲೆಲ್ಲಿ ನಡೆಯುತ್ತದೆ ಎಂಬುದರಲ್ಲಿ. ಮೊಳಕಾಲ್ಮೂರಿಗೆ ರಾಯದುರ್ಗ ಪಕ್ಕದೂರೇ, ಆದರೆ ಅದು ಆಂಧ್ರ. ಲೈಸೆನ್ಸಿನಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ಕೋವಿಯೊಡನೆ ಗಡಿ ದಾಟುವಂತಿಲ್ಲ. ಜಗಳೂರಿನ ರಂಗಯ್ಯನದುರ್ಗ ಅಭಯಾರಣ್ಯದೊಳಗಂತೂ ಒಯ್ಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಬೇಕು.

ಇಂಥ ಸಂದೇಶ ಬಂದಾಗ ಅದರಲ್ಲಿ ಯಾವ ನಿಯಮ, ಎಷ್ಟನೆಯದು ಎಂದು ಬರೆದಿದೆಯೇ ನೋಡಿ. ಇಂಡಿಯಾ ಕೋಡ್ ಜಾಲತಾಣದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಉಚಿತವಾಗಿ ಸಿಗುತ್ತದೆ. ನಿಮ್ಮ ಲೈಸೆನ್ಸಿನ ವ್ಯಾಪ್ತಿಯ ಬಗ್ಗೆ ಅನುಮಾನವಿದ್ದರೆ ದಾವಣಗೆರೆ ಅಥವಾ ಚಿತ್ರದುರ್ಗದ ಡಿಸಿ ಕಚೇರಿಯಲ್ಲಿ ವಿಚಾರಿಸಿ. ಬಸ್ಸಿನವರ ಒಪ್ಪಿಗೆ ಬೇರೆಯೇ ವಿಷಯ, ಅದನ್ನು ಟಿಕೆಟ್ ತೆಗೆಯುವ ಮುಂಚೆಯೇ ಕೇಳಿ.